ಬಲಗೈ ಮೂಲೆಯ ಕಪ್ಪು ಮನೆ

ಜೂನ್ ೩, ಮಂಗಳವಾರ

ಬೆಳಿಗ್ಗೆಯಿಂದ ದವಡೆ ಎರಕ ಹೊಯ್ದದ್ದೇ ಹೊಯ್ದದ್ದು. ಹಲ್ಲಿನ ಡಾಕ್ಟರು ಕಳಿಸಿದ ಅಚ್ಚಿಗೆ ಪ್ಲಾಸ್ಟರ್ ಸುರಿಯುವುದು, ಗುಳ್ಳೆ ಒಡೆಯಲು ಮೇಜಿಗೆ ತಟ್ಟುವುದು, ಗಟ್ಟಿಯಾದ ಮೇಲೆ ಬಿಡಿಸಿ ಸಾಲಾಗಿ ಇಡುವುದು. ಶೆಲ್ಫಿನ ತುಂಬ ಬೊಚ್ಚು ಬಾಯಿಗಳು. ಎಲ್ಲವೂ ನನ್ನನ್ನೇ ನೋಡಿ ಆಕಳಿಸುತ್ತವೆ. ಇವಕ್ಕೆ ಮಾಮ ಹಲ್ಲು ಕೂರಿಸುತ್ತಾನೆ. ಮನೆಯ ಕೆಳಗಿನ ಕೋಣೆಯೇ ಲ್ಯಾಬ್. ಮಾಮ ಯಜಮಾನ, ನಾನು ಸಮಸ್ತ ಸಿಬ್ಬಂದಿ, ಮಾಮನ ಅಕ್ಕನಾದ ನನ್ನಮ್ಮ ಸರ್ಕಾರ.

ಮಾಮ ಇವತ್ತೂ ಮಾತಾಡಲಿಲ್ಲ. ಮೇಣ ಬೇಕಾದರೆ ಮೇಣ ತೋರಿಸುತ್ತಾನೆ. ಅರ ಬೇಕಾದರೆ ಅರ ತೋರಿಸುತ್ತಾನೆ. ನಾನು ತೊಲಗಬೇಕಾದರೆ ಬಾಗಿಲು ತೋರಿಸುತ್ತಾನೆ. ಮೊದಲು 'ಕೋತಿ' ಎಂದು ಕರೆಯುತ್ತಿದ್ದ. ಈಗ ನನಗೆ ಹೆಸರೇ ಇಲ್ಲ.

ಮುಂದಿನ ಪೀಳಿಗೆಯ ತಿಳುವಳಿಕೆಗಾಗಿ ಆರೋಪಪಟ್ಟಿಯನ್ನು ಇಲ್ಲಿ ದಾಖಲಿಸಲಾಗಿದೆ. ಮಾಮ ನಾಚಿಕೆಯ ಮುದ್ದೆ. ಜನರ ಎದುರು ನಾಲ್ಕು ಮಾತು ಜೋಡಿಸಲಾರ. ಆದರೆ ಒಂದು ಹಲ್ಲುಸೆಟ್ಟು ಮುಗಿಯಿತೆಂದರೆ, ಸುತ್ತ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಅದನ್ನು ಎರಡು ಕೈಯಲ್ಲಿ ಹಿಡಿದು ಮಾತಾಡಿಸುತ್ತಾನೆ. 'ಹೇಗಿದ್ದೀರಿ?' ಅಂತ ಮಾಮ. 'ಎಡಗಡೆ ಸ್ವಲ್ಪ ಬಿಗಿ' ಅಂತ ಮೇಲಿನ ಹಲ್ಲು. 'ನಿನ್ನದು ಯಾವಾಗಲೂ ದೂರೇ' ಅಂತ ಕೆಳಗಿನ ಹಲ್ಲು. ಮೇಲಿನದಕ್ಕೆ ಒಂದು ದನಿ, ಕೆಳಗಿನದಕ್ಕೆ ಇನ್ನೊಂದು. ಕಟಕಟ ಅಂತ ಜಗಳ. ಮೊದಲ ಸಲ ಕದ್ದು ಕೇಳಿದಾಗ ನಕ್ಕು ನೆಲಕ್ಕೆ ಬಿದ್ದಿದ್ದೆ. ಎರಡನೇ ಸಲ ಬೀಳಲಿಲ್ಲ, ಬಾಗಿಲ ಸಂದಿಯಿಂದ ಮೊಬೈಲ್ ಹಿಡಿದೆ. ಹಾಕಿದ್ದು ಫ್ರೆಂಡ್ಸ್ ಗ್ರೂಪಿಗೆ ಮಾತ್ರ. ಗ್ರೂಪಿಗೆ ಹಾಕುವುದೂ ಒಂದೇ, ಗಾಳಿಗೆ ಹತ್ತಿ ತೂರುವುದೂ ಒಂದೇ.

ಮಾಮ ದಿನಾ ಸಂಜೆ ನಮ್ಮ ಬೀದಿಯ ಫೋಟೊ ಫ್ರೇಮಿನ ಅಂಗಡಿಗೆ ಹೋಗಿ ಚೆಸ್ ಆಡುತ್ತಿದ್ದ. ಅಲ್ಲಿ ಬೆಂಚು ಸವೆಸುವ ಸೋಮಾರಿಗಳು ಅವನನ್ನು ಕಂಡದ್ದೇ ಹಲ್ಲು ಕಟಕಟ ಕಡಿದು 'ಹೇಗಿದ್ದೀರಿ?' ಎಂದರಂತೆ. ಅರ್ಧ ಆಟ ಬಿಟ್ಟು ಎದ್ದು ಬಂದ. ಅಂದಿನಿಂದ ಆ ಕಡೆ ತಲೆ ಹಾಕಿಲ್ಲ. ನನ್ನ ಜೊತೆ ಮಾತಿಲ್ಲ. ಹಲ್ಲಿನ ಜೊತೆಯೂ ಮಾತಿಲ್ಲ.

ಮೊದಲನೆಯದು ಅರ್ಥವಾಗುತ್ತದೆ. ಹಲ್ಲು ಏನು ಮಾಡಿತ್ತು?


ಜೂನ್ ೪, ಬುಧವಾರ

ಸ್ವಸ್ತಿ. ಈ ದಿವಸ ಮೊಬೈಲೆಂಬ ಮಾಯಾವಿಯನ್ನು ಹೊಲಿಗೆ ಮೆಷಿನ್ನಿನ ಡ್ರಾಯರೆಂಬ ಕಾರಾಗೃಹಕ್ಕೆ ತಳ್ಳಲಾಯಿತು. ಟೀವಿ, ಲ್ಯಾಬಿನ ಕಂಪ್ಯೂಟರ್, ಪಕ್ಕದ ಮನೆಯ ಟ್ಯಾಬು — ಬೆಳಕು ಬೀರುವ ಸಕಲ ಗಾಜುಗಳೂ ನಿಷಿದ್ಧ. ಇದು ನನ್ನ ಸ್ವಂತ ತ್ಯಾಗವೆಂದು ಇತಿಹಾಸಕಾರರು ಬರೆಯತಕ್ಕದ್ದು. ಅಮ್ಮ ಕೈಯಿಂದ ಕಿತ್ತುಕೊಂಡಳು ಎಂಬುದು ಶತ್ರುಗಳ ಅಪಪ್ರಚಾರ.

ಡ್ರಾಯರಿಗೆ ಬೀಗ ಹಾಕುತ್ತ ಅಮ್ಮ ಹೇಳಿದ್ದು ಇಷ್ಟು: "ಅವನು ಬಾಯಿ ಬಿಡೋ ತನಕ ಇದೂ ಬಾಯಿ ಬಿಡಲ್ಲ."

ಕ್ಷಮೆ ಕೇಳಿದ್ದಾಯಿತಲ್ಲ ಎಂದೆ. ಕೇಳಿದ್ದು ನಿಜ. ಮೊದಲ ದಿನವೇ ಕೇಳಿದ್ದೆ. ಮಾಮ ತಲೆ ಆಡಿಸಿದ್ದ — ಹೌದೆಂದೋ ಅಲ್ಲವೆಂದೋ ಇಂದಿಗೂ ತಿಳಿಯದ ರೀತಿಯಲ್ಲಿ. ಅಮ್ಮ ಸೂಜಿಗೆ ದಾರ ಪೋಣಿಸುತ್ತ, ಅವನು ಒಬ್ಬನೇ ಎರಡೂ ಕಡೆಯಿಂದ ಚೆಸ್ ಆಡಿಕೊಂಡು ಕೂತಿರ್ತಾನೆ, ನೋಡಕ್ಕಾಗಲ್ಲ ಎಂದಳು. ಎದುರಿಗೆ ಜನ ಇಲ್ಲದ ಹಾಗೆ ಮಾಡಿದ್ದು ಯಾರು? ಅವರೇ ಹೋಗಿ ಕೂರಬೇಕು. ಚೆಸ್ಸಿಗೆ ಮಾತು ಬೇಕಿಲ್ಲ ಎಂಬುದು ಅವಳ ತೀರ್ಪು.

ನನಗೆ ಚೆಸ್ಸಿನಲ್ಲಿ ಗೊತ್ತಿರುವುದು ಕುದುರೆ ನೆಗೆಯುತ್ತದೆ ಎಂಬುದೊಂದೇ. ಮೊಬೈಲ್ ಇದ್ದಿದ್ದರೆ ಒಂದು ಆಪ್ ಸಾಕಿತ್ತು. ಮೊಬೈಲ್ ಬೇಕಾದರೆ ಮಾಮ ಮಾತಾಡಬೇಕು. ಮಾಮ ಮಾತಾಡಬೇಕಾದರೆ ಚೆಸ್ ಬರಬೇಕು. ಮದುವೆಯಾಗದ ಹೊರತು ಹುಚ್ಚು ಬಿಡಲ್ಲ, ಹುಚ್ಚು ಬಿಡದ ಹೊರತು ಮದುವೆಯಾಗಲ್ಲ.


ಜೂನ್ ೬, ಶುಕ್ರವಾರ

ಲೈಬ್ರರಿಯಿಂದ ಪುಸ್ತಕ ತಂದೆ. ಒಂಬತ್ತನೇ ಪುಟದಿಂದ ಶುರುವಾಗುತ್ತದೆ. ಮೊದಲಿನವನ್ನು ಇಲಿಗಳು ಓದಿ ಮುಗಿಸಿವೆ. ಲೈಬ್ರರಿಯಮ್ಮನಿಗೆ ತೋರಿಸಿದರೆ, ಮುನ್ನುಡಿ ಯಾರು ಓದ್ತಾರೆ ಬಿಡಮ್ಮ ಎಂದು ಮುದ್ರೆ ಒತ್ತಿದರು.

ಚಿತ್ರ ಸಣ್ಣದಿತ್ತು. ಎರಡು ಬೆರಳಿಟ್ಟು ಹಿಗ್ಗಿಸಿದೆ. ಹಿಗ್ಗಲಿಲ್ಲ. ಯಾರೂ ನೋಡಲಿಲ್ಲವೆಂದು ಭಾವಿಸುತ್ತೇನೆ.

ಇವತ್ತಿನ ಜ್ಞಾನ: ಒಂಟೆ ಓರೆಯಾಗಿ ಮಾತ್ರ ಹೋಗುತ್ತದೆ. ಆನೆ ನಡೆದದ್ದೇ ದಾರಿ ಎನ್ನುವುದು ಬುರುಡೆ, ಅದು ನೆಟ್ಟಗೆ ಬಿಟ್ಟು ಅತ್ತಿತ್ತ ನೋಡುವುದಿಲ್ಲ. ಪದಾತಿ ಒಂದೊಂದೇ ಹೆಜ್ಜೆ ಮುಂದೆ, ಹಿಂದೆ ಬರುವ ಮಾತೇ ಇಲ್ಲ. ವಿಡಿಯೊ ಕಳಿಸಿದ ಹಾಗೆ.

ಜೇಬು ಹಗುರ. ಆಗಾಗ ತೊಡೆಯ ಮೇಲೆ ಝುಂ ಅನ್ನುತ್ತದೆ. ಮುಟ್ಟಿ ನೋಡಿದರೆ ಏನೂ ಇಲ್ಲ. ಸತ್ತ ಮೊಬೈಲಿಗೆ ದೆವ್ವ ಇರುತ್ತದೆಯೇ?


ಜೂನ್ ೯, ಸೋಮವಾರ. ಸಂಜೆ

ಎದುರು ಕೂತೆ.

ಮಾಮ ಹಲಗೆ ಬಿಡಿಸಿ ತನ್ನ ಕಡೆಯ ಕಾಯಿ ಜೋಡಿಸುತ್ತಿದ್ದ. ಎರಡನೇ ಕುರ್ಚಿ ಎಳೆದು, ಪುಸ್ತಕ ತೊಡೆಯ ಮೇಲಿಟ್ಟು, ಚಿತ್ರದಲ್ಲಿದ್ದ ಹಾಗೇ ಬಿಳಿ ಕಾಯಿ ಜೋಡಿಸಿದೆ. ಎದ್ದು ಹೋಗುತ್ತಾನೆ ಅಂದುಕೊಂಡಿದ್ದೆ. ಹೋಗಲಿಲ್ಲ. ಕೈ ಚಾಚಿ ನನ್ನ ರಾಜನನ್ನೂ ರಾಣಿಯನ್ನೂ ಎತ್ತಿ ಅದಲು ಬದಲು ಮಾಡಿಟ್ಟ. ಬಿಳಿ ರಾಣಿ ನಿಂತ ಬಿಳಿ ಮನೆಯನ್ನು ಬೆರಳಲ್ಲಿ ಕುಟ್ಟಿ ತೋರಿಸಿದ. ರಾಣಿ ತನ್ನ ಬಣ್ಣದ ಮನೆಯಲ್ಲಿ ನಿಲ್ಲಬೇಕು ಅಂತ.

ಪುಸ್ತಕ ನೋಡಿದೆ. ಪುಸ್ತಕದಲ್ಲೂ ಬಿಳಿ ರಾಣಿ ಬಿಳಿ ಮನೆಯಲ್ಲೇ ಇದ್ದಾಳೆ. ಆದರೆ ರಾಜನ ಎಡಕ್ಕೆ. ಮಾಮ ಇಟ್ಟದ್ದು ಬಲಕ್ಕೆ.

ಇಬ್ಬರೂ ಸರಿ ಇರುವುದು ಹೇಗೆ? ಕೇಳೋಣವೆಂದರೆ ಎದುರಿಗಿರುವುದು ಗೋಡೆ. ಮಾಮ ಇಷ್ಟು ವರ್ಷ ಆಡಿದವನು, ಪುಸ್ತಕ ಇಲಿ ತಿಂದದ್ದು. ಮಾಮನನ್ನು ನಂಬಿದೆ. ಸೋತೆ. ಎಷ್ಟು ಬೇಗ ಎಂಬುದನ್ನು ಇತಿಹಾಸಕಾರರು ಬರೆಯತಕ್ಕದ್ದಲ್ಲ.


ಜೂನ್ ೧೦, ಮಂಗಳವಾರ

ಪುಸ್ತಕ ಹೇಳುತ್ತದೆ: ಬಲಗಡೆಯ ಕುದುರೆ, ಒಂಟೆ ಹೊರಟ ಮೇಲೆ ದಾರಿ ಖಾಲಿ. ರಾಜ ಬಲಕ್ಕೆ ಎರಡು ಮನೆ ಸರಿದು ಆನೆಯ ಮರೆಯಲ್ಲಿ ಸುಖವಾಗಿರಲಿ.

ಬಲಗಡೆಯ ಕುದುರೆ ತೆಗೆದೆ. ಒಂಟೆ ತೆಗೆದೆ. ರಾಜನನ್ನು ಹಿಡಿದು ನೋಡಿದರೆ ಪಕ್ಕದಲ್ಲೇ ರಾಣಿ ಅಡ್ಡ ಕೂತಿದ್ದಾಳೆ. ಪುಸ್ತಕದಲ್ಲಿ ಬಾಗಿಲು ಇರುವ ಕಡೆ ನನಗೆ ಗೋಡೆ.

ರಾಜ ಕೈಯಲ್ಲೇ ಇದ್ದ. ಮಾಮ ಕಾದ. ನನ್ನ ಮುಖ ನೋಡಿದ, ಪುಸ್ತಕ ನೋಡಿದ. ತುಟಿ ಸ್ವಲ್ಪ ಅಲುಗಿತು ಅನ್ನಿಸಿತು. ಆಮೇಲೆ ಬೆರಳು ಎತ್ತಿ ಗಡಿಯಾರ ತೋರಿಸಿದ — ಬೇಗ ಆಡು.


ಜೂನ್ ೧೩, ಶುಕ್ರವಾರ

ನಾಲ್ಕೇ ನಡೆಯಲ್ಲಿ ರಾಜನನ್ನು ಕಟ್ಟಿಹಾಕುವ ವಿದ್ಯೆಯೊಂದಿದೆ ಪುಸ್ತಕದಲ್ಲಿ. ರಾತ್ರಿಯೆಲ್ಲ ಬಾಯಿಪಾಠ ಮಾಡಿದೆ. ಮುಖವನ್ನು ಸಾಧ್ಯವಾದಷ್ಟು ಪೆದ್ದಾಗಿ ಇಟ್ಟುಕೊಂಡು ಆಡಿದೆ. ರಾಜನ ಪಕ್ಕದ ಪದಾತಿಗೆ ಗುರಿ ಎಂದು ಬರೆದಿದೆ. ಗುರಿ ಇಟ್ಟೆ. ಅಲ್ಲಿ ರಾಜನೇ ಇಲ್ಲ. ಆ ಕಡೆ ಇರುವುದು ಮಾಮನ ರಾಣಿ, ಅವಳು ಎದ್ದು ಬಂದು ನನ್ನ ಒಂಟೆಯನ್ನು ತಿಂದಳು. ಸಾಲಗಾರನೆಂದು ಪಕ್ಕದ ಮನೆ ಬಾಗಿಲು ತಟ್ಟಿ ಒದೆ ತಿಂದ ಹಾಗಾಯಿತು.

ನನಗೆ ಎಡ ಬಲ ತಿಳಿಯುವುದಿಲ್ಲವೋ? ಮೊಬೈಲ್ ನೋಡಿ ನೋಡಿ ತಲೆಯೊಳಗೆ ಏನಾದರೂ ಪಲ್ಟಿಯಾಗಿದೆಯೋ? ಅಮ್ಮನನ್ನು ಕೇಳಿದೆ. ಹುಟ್ಟುವಾಗಲೇ ಪಲ್ಟಿಯಾಗಿತ್ತು ಅಂದಳು.

ಇನ್ನೊಂದು. ಇವತ್ತು ಒಂದು ಸೆಟ್ಟು ಡಾಕ್ಟರಿಂದ ವಾಪಸು ಬಂತು. ಹಾಕಿಕೊಂಡ ಹೆಂಗಸು 'ಸ' ಎಂದಾಗಲೆಲ್ಲ ಸಿಳ್ಳೆ ಬರುತ್ತದಂತೆ. 'ಸಕ್ಕರೆ' ಕೇಳಿದರೆ ಮನೆಯ ನಾಯಿ ಎದ್ದು ಬರುತ್ತದಂತೆ. ಬೇರೆ ಹೊತ್ತಿನಲ್ಲಿ ಇದಕ್ಕೆ ಒಂದು ವಾರ ನಗಬಹುದಿತ್ತು. ಆದರೆ ಮಾಮನ ಕೆಲಸ ವಾಪಸು ಬಂದದ್ದನ್ನು ನಾನು ಕಂಡೇ ಇಲ್ಲ. ಆ ಸೆಟ್ಟನ್ನು ತಿರುಗಿಸಿ ತಿರುಗಿಸಿ ನೋಡಿದ. ಎರಡು ಕೈಯಲ್ಲಿ ಹಿಡಿದ. ಬಾಯಿ ತೆರೆದ — ಆ ಹಳೆಯ ದನಿ ಬಂತೇ ಬಂತು ಅಂದುಕೊಂಡೆ. ನಾನು ಬಾಗಿಲಲ್ಲಿ ನಿಂತದ್ದು ಕಂಡಿತು. ಬಾಯಿ ಮುಚ್ಚಿದ. ಸುಮ್ಮನೆ ಅರ ಎತ್ತಿಕೊಂಡ.

ಹಾಗಾದರೆ ಆ ಜಗಳ ಆಟವಾಗಿರಲಿಲ್ಲವೇ? ಮಾತಾಡಿಸಿಯೇ ಹಲ್ಲು ಎಲ್ಲಿ ತಾಗುತ್ತದೆ, ಎಲ್ಲಿ ಗಾಳಿ ನುಸುಳುತ್ತದೆ ಅಂತ ನೋಡುತ್ತಿದ್ದನೇ? ನಾನು ವಿಡಿಯೊ ಮಾಡಿದ್ದು ಯಾವುದನ್ನು ಹಾಗಾದರೆ…

ನಗೆ ಬರುತ್ತಿಲ್ಲ. ದಾಖಲಿಸಲಾಗಿದೆ.


ಜೂನ್ ೧೯, ಗುರುವಾರ. ಮಧ್ಯಾಹ್ನ

ದಿನಾ ಆಡಿದೆ, ದಿನಾ ಸೋತೆ, ದಿನಾ ಗೊಂದಲ. ಬರೆಯಲು ಏನಿತ್ತು?

ಇವತ್ತು ಇದೆ.

ಊಟದ ಬಿಡುವಿನಲ್ಲಿ ಲ್ಯಾಬಿನಲ್ಲೇ ಪುಸ್ತಕ ಹರಡಿ ಕೂತಿದ್ದೆ. ಕೈಯಲ್ಲಿ ಮಾಮನ ಬಾಯಿಗನ್ನಡಿ — ಉದ್ದ ಹಿಡಿಯ ತುದಿಯಲ್ಲಿ ಗುಂಡಿಯಷ್ಟು ಕನ್ನಡಿ, ಹಲ್ಲಿನ ಹಿಂಭಾಗ ನೋಡಲು ಇರುವಂಥದು. ಬೇಸರಕ್ಕೆ ಅದನ್ನು ಪುಟದ ಮೇಲೆ ಆಡಿಸುತ್ತಿದ್ದೆ. ಕಾಯಿ ಜೋಡಿಸುವ ಚಿತ್ರ ಬಂತು. ಕನ್ನಡಿಯಲ್ಲಿ ನೋಡಿದೆ. ಬಿಳಿ ರಾಣಿ ರಾಜನ ಬಲಕ್ಕೆ ನಿಂತಿದ್ದಳು.

ಮಾಮನ ಹಲಗೆಯಲ್ಲಿ ನಿಲ್ಲುವ ಹಾಗೇ.

ಕುರ್ಚಿ ಹಿಂದಕ್ಕೆ ಬಿತ್ತು. ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಕನ್ನಡಿ ಜರುಗಿಸಿದೆ. ಪುಸ್ತಕದಲ್ಲಿ ಬಲಗೈ ಮೂಲೆಯ ಮನೆ ಬಿಳಿ. ಕನ್ನಡಿಯಲ್ಲಿ ಕಪ್ಪು. ಮೇಲೆ ಓಡಿಹೋಗಿ ಮಾಮನ ಹಲಗೆ ನೋಡಿದೆ. ಕಪ್ಪು. ನಾಲ್ಕು ನಡೆಯ ವಿದ್ಯೆಯನ್ನು ಕನ್ನಡಿಯಲ್ಲಿ ನೋಡಿ ಆಡಿದೆ. ಸರಾಗ. ಮೊನ್ನೆ ಗೋಡೆ ಇದ್ದಲ್ಲಿ ಬಾಗಿಲು ತೆರೆಯಿತು.

ಅಂದರೆ ಪುಸ್ತಕ ಇಡೀ ಉಲ್ಟಾ. ಇಲ್ಲವೇ ಮಾಮ ಇಡೀ ಉಲ್ಟಾ.


ಜೂನ್ ೨೦, ಶುಕ್ರವಾರ

ಲೈಬ್ರರಿಯಲ್ಲಿ ಇನ್ನೊಂದು ಚೆಸ್ ಪುಸ್ತಕ ಸಿಕ್ಕಿತು. ಇಲಿಗಳ ಕಣ್ಣಿಗೆ ಬೀಳದ್ದು. ಮೊದಲ ಪುಟದ ಮೊದಲ ಸಾಲು: ಹಲಗೆಯನ್ನು ಇಡುವಾಗ ಆಟಗಾರನ ಬಲಗೈ ಮೂಲೆಯ ಮನೆ ಬಿಳಿಯದಾಗಿರಬೇಕು.

ಹಲಗೆಯನ್ನು ಅಡ್ಡ ತಿರುಗಿಸಿ ಇಟ್ಟುಕೊಂಡು, ರಾಣಿಯನ್ನು ಮಾತ್ರ ಬಣ್ಣ ನೋಡಿ ಕೂರಿಸಿ, ಮಾಮ ಇಷ್ಟು ಕಾಲ ಕನ್ನಡಿಯೊಳಗಿನ ಚೆಸ್ ಆಡಿದ್ದಾನೆ. ಅತಿ ಗಂಭೀರ, ಅತಿ ಮೌನಿ, ಕಾಯಿ ಮುಟ್ಟುವ ಮೊದಲು ಕೈ ಒರೆಸಿಕೊಳ್ಳುವ ನಮ್ಮ ಮಾಮ.

ಮಂಗನ ಕೈಗೆ ಮಾಣಿಕ್ಯ ಸಿಕ್ಕಿದೆ. ಇದರ ಮುಂದೆ ಹಲ್ಲಿನ ವಿಡಿಯೊ ಯಾವ ಲೆಕ್ಕ? ಲೈಬ್ರರಿಯಿಂದ ಮನೆಯ ತನಕ ನಗುತ್ತ ಬಂದೆ. ಶೀರ್ಷಿಕೆ ಕೂಡ ಹೊಳೆಯಿತು. ಕೈ ತಾನಾಗಿ ಜೇಬಿಗೆ ಹೋಯಿತು. ಜೇಬು ಖಾಲಿ.

ಖಾಲಿ ಜೇಬಿನಲ್ಲಿ ಕೈಯಿಟ್ಟು ಸ್ವಲ್ಪ ಹೊತ್ತು ಮೆಟ್ಟಿಲ ಮೇಲೆ ನಿಂತೆ. ಕೆಳಗೆ ಮಾಮ ಅರ ಉಜ್ಜುವ ಸದ್ದು ಮಾತ್ರ. ಮೊದಲೆಲ್ಲ ಈ ಹೊತ್ತಿಗೆ ಹಲ್ಲುಗಳು ಜಗಳ ಆಡುತ್ತಿದ್ದವು.

ನಗು ಎಲ್ಲಿಗೆ ಹೋಯಿತೋ ಗೊತ್ತಾಗಲಿಲ್ಲ. ಈಗ ಇದ್ದದ್ದು.


ಜೂನ್ ೨೨, ಭಾನುವಾರ

ತನಿಖೆಗಾಗಿ ಫ್ರೇಮಿನ ಅಂಗಡಿಗೆ ಹೋದೆ. ನೆಪಕ್ಕೆ ಒಡೆದ ಫೋಟೊ ಫ್ರೇಮು ಬೇಕಿತ್ತು. ಮನೆಯಲ್ಲಿ ಒಡೆದದ್ದು ಇರಲಿಲ್ಲ. ಈಗ ಇದೆ.

ಅಂಗಡಿಯವನನ್ನು ನಾನು ಮನಸ್ಸಿನಲ್ಲಿ ಫ್ರೇಮಪ್ಪ ಅನ್ನುತ್ತೇನೆ. ಮಾಮನಿಗಿಂತ ತುಂಬಾ ದೊಡ್ಡವನು. ಕನ್ನಡಕವನ್ನು ಹಣೆಯ ಮೇಲಿಟ್ಟುಕೊಂಡು ಕನ್ನಡಕ ಹುಡುಕುವ ಜಾತಿ. ಅಂಗಡಿಯ ಒಳಗೋಡೆಗೆ ತಾಗಿ ಒಂದು ಸಣ್ಣ ಮೇಜು, ಗೋಡೆಗೇ ಮೊಳೆ ಹೊಡೆದದ್ದು. ಆ ಪಕ್ಕ ಒಂದು ಸ್ಟೂಲು, ಈ ಪಕ್ಕ ಒಂದು ಸ್ಟೂಲು. ಮೇಜಿನ ಮೇಲೆ ಬಣ್ಣದಲ್ಲೇ ಬಿಡಿಸಿದ ಚೆಸ್ ಮನೆಗಳು. ಒಂದು ಸ್ಟೂಲಿನಲ್ಲಿ ಕೂತು ನೋಡಿದೆ. ಬಲಗೈ ಮೂಲೆ — ಕಪ್ಪು.

ಮೂಲ ಸಿಕ್ಕಿತು. ತಿರುಗಿಸಲಾಗದ ಮೇಜು, ಅದರ ಮೇಲೆ ಅಳಿಸಲಾಗದ ತಪ್ಪು. ಈ ಬೀದಿಯಲ್ಲಿ ಚೆಸ್ ಕಲಿತವರೆಲ್ಲ ಇಲ್ಲೇ ಕಲಿತದ್ದು. ಇಡೀ ಬೀದಿಯೇ ಕನ್ನಡಿಯೊಳಗಿದೆ.

ನಾನು ಮೂಲೆಯನ್ನು ದಿಟ್ಟಿಸುತ್ತಿರುವುದನ್ನು ಕಂಡು ಫ್ರೇಮಪ್ಪ ಹಿಗ್ಗಿದ. ಮದುವೆಗೂ ಮುಂಚೆ ತನ್ನ ಕೈಯಾರೆ ಬಿಡಿಸಿದ್ದಂತೆ. ಸ್ಕೇಲೂ ಇಡಲಿಲ್ಲವಂತೆ. ನಿಮ್ಮ ಮಾಮನಿಗೆ ಮೀಸೆ ಚಿಗುರೋ ಮೊದಲು ಇದೇ ಸ್ಟೂಲಲ್ಲಿ ಕೂರಿಸಿ ಕುದುರೆ ಓಡಿಸೋದು ಹೇಳಿಕೊಟ್ಟೆ ಎಂದ. ನಾಲಿಗೆ ತುದಿಗೆ ಬಂದದ್ದನ್ನು ಕಚ್ಚಿಕೊಂಡೆ. ನೋವಾಯಿತು, ಉತ್ಪ್ರೇಕ್ಷೆಯಲ್ಲ.

ಆಮೇಲೆ ಕೇಳಿದ: "ಅವನ್ಯಾಕೆ ಬರ್ತಿಲ್ಲ? ನಾನೇನಾದ್ರೂ ಅಂದೆನಾ?"

ಫ್ರೇಮಪ್ಪನ ಹತ್ತಿರ ಸ್ಮಾರ್ಟ್‌ಫೋನೇ ಇಲ್ಲ. ವಿಡಿಯೊ ನೋಡಿಲ್ಲ. ಬೆಂಚಿನವರು ಯಾಕೆ ಹಲ್ಲು ಕಡಿದರೆಂದು ಇಂದಿಗೂ ಗೊತ್ತಿಲ್ಲ. ಚಳಿ ಅಂದುಕೊಂಡಿದ್ದನಂತೆ. ಮಾಮ ಬಿಟ್ಟು ಎದ್ದ ಆಟ ಮೇಜಿನ ಮೇಲೆ ಹಾಗೇ ಇದೆ, ದಿನಾ ಕಾಯಿ ಎತ್ತಿ ಧೂಳು ಒರೆಸಿ ಅದೇ ಮನೆಯಲ್ಲಿ ಇಡುತ್ತಾನೆ. ಅವನದ್ದೇ ಸರದಿ, ಹೇಳಮ್ಮ ಎಂದ.

ಹೇಳುತ್ತೇನೆ ಅಂದೆ. ಮಾತಾಡದವನಿಗೆ ಹೇಗೆ ಹೇಳುವುದು? ಮನೆಗೆ ಬಂದು ಲ್ಯಾಬಿನ ಬಾಗಿಲಲ್ಲಿ ನಿಂತು, ಫ್ರೇಮಿನಂಗಡಿಯಲ್ಲಿ ನಿನ್ನ ಸರದಿಯಂತೆ ಎಂದೆ. ಮಾಮನ ಕೈ ನಿಂತಿತು. ತಿರುಗಲಿಲ್ಲ.


ಜೂನ್ ೩೦, ಸೋಮವಾರ

ಇನ್ನೊಂದು ಸೆಟ್ಟು ವಾಪಸು. ಈ ಸಲ ಕಚ್ಚಿದರೆ ಒಂದು ಕಡೆ ಎದ್ದುಕೊಳ್ಳುತ್ತದಂತೆ. ಇನ್ನೂ ಒಂದು ಹೀಗಾದರೆ ಬೇರೆ ಲ್ಯಾಬು ನೋಡಬೇಕಾಗುತ್ತದೆಂದು ಡಾಕ್ಟರು ಅಮ್ಮನಿಗೆ ಫೋನಿನಲ್ಲಿ ಹೇಳಿದ್ದಾರೆ. ಅಮ್ಮ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

ನಾನು ಲ್ಯಾಬಿನಲ್ಲಿ ಇಲ್ಲದಿದ್ದರೆ ಮಾತಾಡಿಯಾನೆಂದು ಬೇಕೆಂದೇ ಹೊರಗೆ ಹೋಗಿ ಕೂರುತ್ತೇನೆ. ಚಪ್ಪಲಿ ಸದ್ದು ಮಾಡಿಕೊಂಡೇ ಹೋಗುತ್ತೇನೆ. ಸಂದಿಯಿಂದ ಕದ್ದು ಕೇಳುವವಳ ಚಪ್ಪಲಿಯನ್ನು ಯಾರು ನಂಬುತ್ತಾರೆ?

ಬಾಯಿಗನ್ನಡಿ ನನ್ನ ಪುಸ್ತಕದೊಳಗಿದೆ. ಪ್ರತಿ ಪುಟವನ್ನೂ ಅದರಲ್ಲೇ ಓದುವುದು. ಮಾಮ ಅದರ ಖಾಲಿ ಗೂಡನ್ನು ದಿನಾ ಬೆರಳಲ್ಲಿ ತೋರಿಸುತ್ತಾನೆ. ಅರ್ಥವಾಗದವಳ ಹಾಗೆ ಮೇಣ ತಂದುಕೊಡುತ್ತೇನೆ. ಉಲ್ಟಾ ಚೆಸ್ ಚೆನ್ನಾಗಿ ಹತ್ತಿದೆ. ನಿನ್ನೆ ಕತ್ತಲಾಗುವ ತನಕ ಸೋಲಲಿಲ್ಲ. ಮಾಮ ಮೊದಲ ಬಾರಿಗೆ ಮುಂದಕ್ಕೆ ಬಾಗಿ ಕೂತ.

ಹಲಗೆ ಉಲ್ಟಾ ಎಂದು ಹೇಳಲೇ, ಬೇಡವೇ? ಎರಡೂ ತಪ್ಪು ಅನ್ನಿಸುತ್ತದೆ. ಹೇಳಿದರೆ ಮತ್ತೆ ಅದೇ ಕೋತಿ — ತಾನು ಕೆಟ್ಟಿದ್ದಲ್ಲದೆ ವನವನ್ನೆಲ್ಲ ಕೆಡಿಸಿದ್ದು. ಹೇಳದಿದ್ದರೆ ಗೊತ್ತಿದ್ದೂ ಎದುರಿಗೆ ಕೂತು ಮನಸ್ಸಿನಲ್ಲೇ ನಗುವ ಕಳ್ಳಿ. ಆದರೆ ನಾನು ನಗುತ್ತಿಲ್ಲವಲ್ಲ. ಹಾಗಾದರೆ ಏನು ಮಾಡುತ್ತಿದ್ದೇನೆ?

ಪುಸ್ತಕದಲ್ಲಿ ಇದಕ್ಕೆ ಪುಟವಿಲ್ಲ.


ಜುಲೈ ೬, ಭಾನುವಾರ. ಮಧ್ಯಾಹ್ನ

ಕ್ರಮವಾಗಿ ಬರೆಯಬೇಕು.

ಊಟವಾದ ಮೇಲೆ ನಾನೇ ಹಲಗೆ ಬಿಡಿಸಿದೆ. ಬಿಡಿಸಿ ಸ್ವಲ್ಪ ಹೊತ್ತು ನೋಡಿದೆ. ಒಂದು ಸಲ ತಿರುಗಿಸಿದರೆ ಸರಿಯಾಗಿಬಿಡುತ್ತಿತ್ತು. ತಿರುಗಿಸಲಿಲ್ಲ. ಕಪ್ಪು ಮೂಲೆ ಬಲಕ್ಕೆ ಬರುವಂತೆಯೇ ಇಟ್ಟು, ರಾಣಿಯನ್ನು ಮಾಮನ ಪದ್ಧತಿಯಲ್ಲಿ ಕೂರಿಸಿ, ನೀರು ತರಲು ಒಳಗೆ ಹೋದೆ. ಪುಸ್ತಕ ಕುರ್ಚಿಯ ಮೇಲೆ ಉಳಿಯಿತು.

ಬಂದು ನೋಡಿದರೆ ಪುಸ್ತಕ ಮಾಮನ ಕೈಯಲ್ಲಿ. ಪುಟದ ನಡುವಿನಿಂದ ಬಾಯಿಗನ್ನಡಿಯ ಹಿಡಿ ಇಣುಕುತ್ತಿತ್ತು, ಕಳೆದ ಮಾಲು ಸಿಕ್ಕಿತೆಂದು ಎತ್ತಿಕೊಂಡಿದ್ದಾನೆ. ಅದೇ ಚಿತ್ರದ ಪುಟ. ಕನ್ನಡಿಯನ್ನು ಪುಟದ ಮೇಲೆ ಹಿಡಿದ. ಚಿತ್ರ ನೋಡಿದ, ಕನ್ನಡಿ ನೋಡಿದ, ನಾನು ಜೋಡಿಸಿಟ್ಟ ಹಲಗೆ ನೋಡಿದ. ಆಮೇಲೆ ನನ್ನನ್ನು.

"ಯಾವಾಗ ಗೊತ್ತಾಯ್ತು?"

ಮಾಮನ ದನಿ ಅಷ್ಟು ಸಣ್ಣದೆಂದು ಮರೆತುಹೋಗಿತ್ತು. ಮತ್ತೆ ಕೇಳಿದ ಮೇಲೆ, ಹೋದ ತಿಂಗಳು ಅಂದೆ.

"ಯಾರಿಗೆ ಹೇಳಿದೆ?"

"ಯಾರಿಗೂ ಇಲ್ಲ."

"ಅಂಗಡೀಲಿ ಅವನಿಗೆ?"

"ಇಲ್ಲ. ನಾಲಿಗೆ ಕಚ್ಕೊಂಡೆ. ಗಾಯ ಇದೆ, ಬೇಕಾದ್ರೆ ಕನ್ನಡಿ ಹಾಕಿ ನೋಡು."

ನೋಡಲಿಲ್ಲ. ಕುರ್ಚಿಯಲ್ಲಿ ಕೂತು ಕನ್ನಡಿಯನ್ನು ಅಂಗಿಯ ತುದಿಯಿಂದ ಒರೆಸುತ್ತ ಹೋದ. ಒರೆಸುತ್ತಲೇ ಹೇಳಿದ. ತನಗೆ ಗೊತ್ತಾಗಿ ಎಷ್ಟೋ ವರ್ಷವಾಯಿತಂತೆ. ಸಾಮಾನು ಕೊಳ್ಳಲು ಬೇರೆ ಊರಿಗೆ ಹೋದಾಗ ಯಾರೋ ಆಡುತ್ತಿದ್ದರು, ಇವನೂ ಕೂತ. ಕಾಯಿ ಜೋಡಿಸಿದ್ದನ್ನು ನೋಡಿ ಅವರು ನಕ್ಕರು. ಊರಿಗೆ ಬಂದವನೇ ಫ್ರೇಮಪ್ಪನಿಗೆ ಹೇಳಲು ಓಡಿದ. ಅಲ್ಲಿ ನೋಡಿದರೆ ಫ್ರೇಮಪ್ಪ ಮೊಣಕಾಲೂರಿ ಮೇಜಿಗೆ ಹೊಸದಾಗಿ ಬಣ್ಣ ಹಚ್ಚುತ್ತಿದ್ದಾನೆ. ಕಪ್ಪು ಮಾಸಿಹೋಗಿದೆ ಕಣೋ, ಆ ಕಡೆ ಮೂಲೆ ನೀನು ಹಚ್ಚು ಎಂದು ಇನ್ನೊಂದು ಬ್ರಶ್ಶು ಕೊಟ್ಟನಂತೆ.

"ಹಚ್ಚಿದೆಯಾ?"

"ಹಚ್ಚಿದೆ. ಮೊಳೆ ಹೊಡೆದ ಮೇಜು. ಹೇಳಿ ಏನ್ಮಾಡೋದು?"

ಮನೆಯಲ್ಲಾದರೂ ಸರಿಯಾಗಿ ಇಡಬಹುದಿತ್ತಲ್ಲ ಎಂದೆ. ಇಲ್ಲೊಂದು ಅಲ್ಲೊಂದು ಮಾಡಿದರೆ ಅವನೆದುರು ಕೈ ತಪ್ಪುತ್ತೆ ಅಂದ. ಅದು ಎಲ್ಲರಿಗೂ ಗೊತ್ತಿರುವ ವಿಷಯವೆಂಬ ಹಾಗೆ.

ನನಗೆ ಏನೂ ತಿಳಿಯುವುದಿಲ್ಲ. ಇಷ್ಟು ದೊಡ್ಡ ತಮಾಷೆಯನ್ನು ಅಷ್ಟು ವರ್ಷ ಬಾಯಿಯೊಳಗೆ ಇಟ್ಟುಕೊಂಡರೆ ಮನುಷ್ಯನ ಹಲ್ಲು ಉದುರುವುದಿಲ್ಲವೇ? ನಾನು ಎರಡು ವಾರಕ್ಕೇ ಸುಸ್ತು.

ಆಮೇಲೆ ಮಾಮ ಕಾಯಿಗಳನ್ನೆಲ್ಲ ತೆಗೆದ. ಹಲಗೆಯನ್ನು ಎರಡು ಕೈಯಲ್ಲಿ ಹಿಡಿದು ಪಕ್ಕಕ್ಕೆ ತಿರುಗಿಸಿದ. ಬಿಳಿ ಮೂಲೆ ಬಲಕ್ಕೆ ಬಂತು.

"ಅದು ಅವನಿಗೆ. ಇದು ನಮಗೆ."

ಆಡಿದೆವು. ಕನ್ನಡಿಯಲ್ಲಿ ಕಲಿತದ್ದೆಲ್ಲ ಈಗ ಇನ್ನೊಮ್ಮೆ ತಿರುಗಾಮುರುಗಾ. ಎಡವೆಂದದ್ದು ಬಲ, ಬಾಗಿಲೆಂದದ್ದು ಗೋಡೆ. ರಾಣಿಯನ್ನು ರಾಜನ ಮನೆಗೂ ರಾಜನನ್ನು ಬೀದಿಗೂ ಕಳಿಸಿದೆ. ಮಾಮ ಕೈ ಒರೆಸಿಕೊಂಡು, ನಿಧಾನಕ್ಕೆ ಒಂಟೆ ಎತ್ತಿ ಇಟ್ಟ.

"ಕುದುರೆ ಹೋಯ್ತು, ಕೋತಿ."

ಅಡುಗೆಮನೆಯಲ್ಲಿ ಏನೋ ಬಿದ್ದ ಸದ್ದು. ಅಮ್ಮ ಬೇಕೆಂದೇ ಬೀಳಿಸಿದ್ದು ಅನ್ನಿಸುತ್ತದೆ. ಮೂಗು ಏರಿಸುವ ಸದ್ದು ಕೇಳಬಾರದೆಂದು.


ಜುಲೈ ೭, ಸೋಮವಾರ

ಸಂಜೆ ಮಾಮ ಚಪ್ಪಲಿ ಮೆಟ್ಟಿದ. ಎಲ್ಲಿಗೆ ಎಂದು ಕೇಳಿದೆ. ನನ್ನ ಸರದಿ ಅಂದ.

ನಾನೂ ಹೋದೆ. ಬೆಂಚಿನವರು ಹಲ್ಲು ಕಟಕಟ ಮಾಡಿದರು, ಕರ್ತವ್ಯಪ್ರಜ್ಞೆಯಿಂದ, ಮೊದಲಿನ ಹುರುಪಿಲ್ಲ. ಮಾಮನ ಕಿವಿ ಕೆಂಪಾಯಿತು. ಆದರೆ ಕೂತ. ಫ್ರೇಮಪ್ಪ ಕನ್ನಡಕ ಹುಡುಕಿದ. ಹಣೆಯ ಮೇಲಿದೆ ಎಂದು ಮಾಮನೇ ಇಳಿಸಿಕೊಟ್ಟ. ನಿಂತ ಆಟ ನಿಂತಲ್ಲಿಂದಲೇ ಮುಂದುವರಿಯಿತು. ಮಾಮನ ಬಲಗೈ ಪಕ್ಕದಲ್ಲೇ ಆ ಮೂಲೆ. ಬಣ್ಣ ಅಲ್ಲಲ್ಲಿ ಎದ್ದಿದೆ. ಅಲ್ಲಿ ಹಚ್ಚಿದ ಕೈ ಯಾರದೆಂದು ನನಗೆ ಗೊತ್ತು. ಬೀದಿಗೆ ಗೊತ್ತಿಲ್ಲ.

ಯಾರು ಗೆದ್ದರೆಂದು ನೋಡಲಿಲ್ಲ. ಎಡ ಬಲ ಸೇರಿ ತಲೆ ಸುತ್ತುತ್ತಿತ್ತು.

ಮನೆಗೆ ಬಂದಾಗ ಅಮ್ಮ ಡ್ರಾಯರ್ ತೆಗೆದಿದ್ದಳು. ತಗೋ ನಿನ್ನ ಕಾಯಿಲೆ ಅಂದಳು. ಸತ್ತು ಬಿದ್ದಿತ್ತು. ಚಾರ್ಜಿಗೆ ಹಾಕಲು ಹೋಗಿ, ಯಾಕೋ, ನಾಳೆ ಅಂದುಕೊಂಡೆ.


ಜುಲೈ ೮, ಮಂಗಳವಾರ. ಬೆಳಿಗ್ಗೆ ಹತ್ತು

ಲ್ಯಾಬಿನ ಹೊರಗೆ, ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ. ವಾಪಸು ಬಂದ ಆ ಸಿಳ್ಳೆಯ ಸೆಟ್ಟು ಇನ್ನೂ ಸರಿಹೋಗದೆ ಮೇಜಿನ ಮೇಲಿದೆ. ಪ್ಲಾಸ್ಟರ್ ಕಲಸಿಟ್ಟು ಹೊರಬಂದೆ. ಚಪ್ಪಲಿ ಸದ್ದು ಮಾಡಲಿಲ್ಲ, ಮರೆತೇಹೋಯಿತು.

ಪಕ್ಕದಲ್ಲಿ ಮೊಬೈಲ್. ಬೆಳಿಗ್ಗೆ ಚಾರ್ಜು ತುಂಬಿದೆ. ಕಣ್ಣು ಬಿಟ್ಟು ಮಿಣಮಿಣ ಅನ್ನುತ್ತಿದೆ. ನೂರಾರು ಜನ ಏನೇನೋ ಕಳಿಸಿದ್ದಾರೆ. ಒಂದನ್ನೂ ತೆರೆದಿಲ್ಲ, ಎಲ್ಲಿಂದ ಶುರು ಮಾಡುವುದೋ

ತಾಳು.

ಒಳಗೆ ಅರದ ಸದ್ದು ನಿಂತಿತು.

'ಹೇಗಿದ್ದೀರಿ?'

ಕೈ ಮೊಬೈಲಿನ ಮೇಲಿತ್ತು. ಹೇಗೆ ಹೋಯಿತೋ ನಾನರಿಯೆ. ಅಭ್ಯಾಸಬಲ. ಬೋರಲು ಹಾಕಿ ಅದರ ಮೇಲೆ ಕೂತಿದ್ದೇನೆ. ತೊಡೆಯ ಕೆಳಗೆ ಝುಂ ಅನ್ನುತ್ತಿದೆ, ಈ ಸಲ ದೆವ್ವವಲ್ಲ.

ಬಾಗಿಲು ಒಂದು ಬೆರಳಿನಷ್ಟು ತೆರೆದಿದೆ. ಮಾಮ ಅದನ್ನು ನೋಡಿಯೇ ಇರುತ್ತಾನೆ. ಆದರೂ ಮುಚ್ಚಲಿಲ್ಲ. ಯಾಕೆ? ಕೇಳಲಿ ಅಂತಲೇ? ಮರೆತನೇ? ಅರ್ಥವಾಗುವುದಿಲ್ಲ.

ಮೇಲಿನ ಹಲ್ಲು: 'ಸಕ್ಕರೆ.' ಸಿಳ್ಳೆ. ಅರ. 'ಸಕ್ಕರೆ.' ಸಣ್ಣ ಸಿಳ್ಳೆ. ಅರ. 'ಸಕ್ಕರೆ.' ಈ ಸಲ ಬರಲಿಲ್ಲ.

ಕೆಳಗಿನ ಹಲ್ಲು: 'ಮೊನ್ನೆ ಆ ಕೋತಿ ಕುದುರೆ ಕಳ್ಕೊಂಡಳಂತೆ.'

ಮೇಲಿನದು: 'ಕಳ್ಕೊಳ್ಳಲಿ ಬಿಡು. ಕಲೀತಾಳೆ.'

ಕೆಳಗಿನದು: 'ಮೆಟ್ಟಿಲ ಮೇಲೆ ಕೂತು ಏನೋ ಗೀಚ್ತಾ ಇದಾಳಲ್ಲ, ಅದನ್ನೂ ಊರಿಗೆಲ್ಲ ಹಂಚ್ತಾಳಾ?'

ಮೇಲಿನ ಹಲ್ಲು ಯೋಚಿಸುತ್ತಿದೆ. ಕಟ, ಕಟ. ಈಗ ಹೇಳುತ್ತಿದೆ —